ಕಿವಿಯ ಹಿಂದಿನ ಇರುವೆ

ಪಾರ್ಲರಿನ ಟವೆಲ್ಲುಗಳನ್ನು ಆಕೆ ಹಿಂಡಿ, ಝಾಡಿಸಿ, ಹಿತ್ತಲಿನ ತಂತಿಯ ಮೇಲೆ ಅಂಚಿಗೆ ಅಂಚು ಕೂಡಿಸಿ ಹಾಕುತ್ತಿದ್ದಾಗ ಮಗಳು ಬಂದು ಬಕೆಟ್ಟನ್ನು ಕಾಲಿನಿಂದ ಆಚೆಗೆ ತಳ್ಳಿದಳು. ಅದರಲ್ಲಿನ್ನೂ ಅರ್ಧದಷ್ಟು ಟವೆಲ್ಲು ಉಳಿದಿದ್ದವು. "ಸಾಕು ಬಿಡು, ಹೊತ್ತಾಯ್ತು" ಎಂದು ಪಿಸುಗುಟ್ಟಿದಳು. ಒಳಗೆ ಅವಳಪ್ಪ ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದ. ಅವನ ನಿದ್ದೆ ಕೆಡಬಾರದೆಂದು ಈ ಮನೆಯಲ್ಲಿ ಹಗಲಿನ ಜಗಳಗಳೆಲ್ಲ ಪಿಸುಮಾತಿನಲ್ಲೇ ನಡೆಯಬೇಕಿತ್ತು. ಕೂಗಿ ಮುಗಿಸಬಹುದಾದ ಜಗಳ ಪಿಸುಮಾತಿನಲ್ಲಿ ಮುಗಿಯುವುದಿಲ್ಲ. ಹಬೆ ಹೊರಗೆ ಹೋಗಲು ದಾರಿಯಿಲ್ಲದ ಪಾತ್ರೆಯ ಹಾಗೆ ಒಳಗೇ ಕುದಿಯುತ್ತದೆ. ಆಕೆ ಬಗ್ಗಿ ಬಕೆಟ್ಟನ್ನು ಮತ್ತೆ ಹತ್ತಿರ ಎಳೆದುಕೊಂಡಳು. ಮಗಳು ಕೈಯಿಂದ ಸರಿಸಿದ್ದರೆ ಬೇರೆ ಮಾತು. ಕಾಲಿನಿಂದ ತಳ್ಳಿದಳಲ್ಲ ಎಂಬುದು ಆಕೆಯ ಎದೆಯಲ್ಲಿ ಮುಳ್ಳಿನಂತೆ ಚುಚ್ಚಿತು. ಮುಂದಿನ ಟವೆಲ್ಲನ್ನು ಬೇಕೆಂದೇ ನಿಧಾನವಾಗಿ ಹಿಂಡಿದಳು. ಹಿಂಡಿ ಮುಗಿದ ಮೇಲೂ ಇನ್ನೊಮ್ಮೆ ತಿರುಚಿದಳು.

ಮಗಳು ಆಗಲೇ ತಯಾರಾಗಿ ನಿಂತಿದ್ದಳು. ಬಿಳಿ ಅಂಗಿ, ಕಪ್ಪು ಪ್ಯಾಂಟು, ಒರೆಸಿ ಹೊಳೆಯಿಸಿದ ಬೂಟು. ಕೂದಲನ್ನು ಹಿಂದಕ್ಕೆ ಎಳೆದು, ಜೆಲ್ ಹಾಕಿ, ಕಾಲರಿಗೆ ತಾಗದ ಹಾಗೆ ಗಂಟು ಕಟ್ಟಿದ್ದಳು. ಕಿವಿಯ ಎರಡನೇ ತೂತು ಮುಚ್ಚಿಕೊಳ್ಳಲೆಂದು ಓಲೆ ತೆಗೆದು ಎಷ್ಟೋ ಕಾಲವಾಗಿತ್ತು. ಅದೀಗ ಒಂದು ಸಣ್ಣ ಚುಕ್ಕಿಯಷ್ಟೇ. ಉಗುರನ್ನು ಮಾಂಸದವರೆಗೆ ಕತ್ತರಿಸಿದ್ದಳು. ಸೈನ್ಯಕ್ಕೆ ಸೇರುವವರ ಮೈ ಹೀಗೇ ಇರಬೇಕೆಂಬ ನಿಯಮಗಳೆಲ್ಲ ಅವಳಿಗೆ ಬಾಯಿಪಾಠ. ಕೂದಲೆಷ್ಟು, ಉಗುರೆಷ್ಟು, ಹಚ್ಚೆ ಎಲ್ಲಿರಬಹುದು, ಎಲ್ಲಿರಬಾರದು. ಚಿಕ್ಕವಳಿದ್ದಾಗ ಮಗ್ಗಿ ಹೇಳಲು ಅಳುತ್ತಿದ್ದ ಹುಡುಗಿ ಇವಳೇನಾ ಎಂದು ಆಕೆಗೆ ಅನಿಸುವಷ್ಟು ಸರಾಗ. ಕಾಲರಿನ ಮೇಲೆ, ಬರಿಗಣ್ಣಿಗೆ ಕಾಣುವ ಕಡೆ, ಯಾವ ಹಚ್ಚೆಯೂ ಕೂಡದು. ಇವಳದು ಕಾಲರಿನ ಮೇಲೆಯೇ ಇತ್ತು. ಎಡಗಿವಿಯ ಹಿಂದೆ, ಕೂದಲಿನ ಕಡೆಗೆ ಹತ್ತಿ ಹೋಗುತ್ತಿರುವ ಒಂದು ಇರುವೆ.

ಮೊದಲ ಸಲ ಅದನ್ನು ಕಂಡಾಗ ಆಕೆ ಹೊಡೆದಿದ್ದಳು. ಸಿಟ್ಟಿನಿಂದಲ್ಲ. ಮಗಳು ಕಾಲೇಜಿನಿಂದ ಬಂದು ಊಟಕ್ಕೆ ಬಗ್ಗಿದಾಗ ಕಿವಿಯ ಹಿಂದೆ ಇರುವೆ ಹರಿಯುತ್ತಿದೆ ಎಂದುಕೊಂಡು ಅಂಗೈಯಿಂದ ಚಟ್ಟನೆ ಬಡಿದಿದ್ದಳು. ಹಸಿ ಗಾಯದ ಮೇಲೆ ಬಿದ್ದ ಪೆಟ್ಟಿಗೆ ಮಗಳು ಕಿರುಚಿದ್ದಕ್ಕೆ ಒಳಗೆ ಮಲಗಿದ್ದ ಗಂಡ ಎದ್ದು ಓಡಿಬಂದಿದ್ದ. ಆಮೇಲೆ ಅವನು ನಕ್ಕ, ಮಗಳೂ ಕಣ್ಣೊರೆಸಿಕೊಂಡು ನಕ್ಕಳು. ಆಕೆ ಮಾತ್ರ ತನ್ನ ಅಂಗೈಯನ್ನು ನೋಡಿಕೊಂಡಳು. ಇಪ್ಪತ್ತು ವರ್ಷ ತಿಕ್ಕಿ ತೊಳೆದು, ಎಣ್ಣೆ ಹಚ್ಚಿ ಕಾಪಾಡಿದ ಚರ್ಮದ ಮೇಲೆ ಯಾರೋ ಅಂಗಡಿಯವನು ಸೂಜಿ ಚುಚ್ಚಿದ್ದ. ತನ್ನನ್ನೊಂದು ಮಾತು ಕೇಳಲಿಲ್ಲ. ಈಗ ಅದೇ ಚರ್ಮವನ್ನು ಇನ್ನಾರಿಗೋ ಒಪ್ಪಿಸಲು ಹೊರಟಿದ್ದಾಳೆ; ಅದಕ್ಕೂ ಕೇಳಿರಲಿಲ್ಲ. ಸೈನ್ಯದ ಭರ್ತಿಯ ಓಟದಲ್ಲಿ ಪಾಸಾದ ಮೇಲೆ ಹೇಳಿದ್ದಳು, ಬೂಟಿನ ಲೇಸು ಬಿಚ್ಚುತ್ತಾ, ಹಾಲು ತರಲು ಮರೆತೆ ಎನ್ನುವ ದನಿಯಲ್ಲಿ.

"ಅಮ್ಮಾ, ಕಿವಿ ಕೇಳಿಸ್ತಿದೆಯಾ? ದೊಡ್ಡಪ್ಪ ಬರ್ತಾರೆ ಈಗ. ನೀನಿನ್ನೂ ಸೀರೆ ಉಟ್ಟಿಲ್ಲ."

"ಟವೆಲ್ಲು ಹಾಗೇ ಬಿಟ್ರೆ ಮುಗ್ಗುಲು ವಾಸನೆ ಬರುತ್ತೆ. ಗಿರಾಕಿ ಮುಖಕ್ಕೆ ಅದನ್ನ ಒತ್ತೋಕಾಗುತ್ತಾ?"

"ಇವತ್ತೊಂದು ದಿನ ನಿನ್ನ ಗಿರಾಕೀನ ಬಿಟ್ಟು ನನ್ನ ನೋಡು."

ಮುಂದಿನ ಕೋಣೆಯ ಬಾಗಿಲು ಬಡಿದ ಸದ್ದಾಯಿತು. ಮುಂದಿನ ಕೋಣೆಯೇ ಪಾರ್ಲರು. ಒಂದು ತಿರುಗುವ ಕುರ್ಚಿ, ಗೋಡೆಯಗಲದ ಕನ್ನಡಿ, ಅದರ ಸುತ್ತ ಬಲ್ಬುಗಳು, ಬಾಗಿಲಿಗೆ ಪರದೆ. ಮೂಲೆಮನೆಯವಳು ಒಳಗೆ ಬಂದು ಕುರ್ಚಿಯಲ್ಲಿ ಕೂತೇ ಬಿಟ್ಟಿದ್ದಳು. ಹುಬ್ಬು ತೀಡಿಸಿಕೊಳ್ಳಬೇಕಂತೆ, ಈಗಲೇ ಆಗಬೇಕಂತೆ. ಇವತ್ತಾಗಲ್ಲ, ಮಗಳ ಕೆಲಸಕ್ಕೆ ಹೊರಟಿದ್ದೀನಿ ಅನ್ನಬಹುದಿತ್ತು. ಬಾಯಿಯ ತನಕ ಬಂದಿತ್ತು. ಆದರೆ ಆಕೆಯ ಕೈ ಆಗಲೇ ದಾರದ ಉಂಡೆಯನ್ನು ಹುಡುಕುತ್ತಿತ್ತು. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಬೆರಳುಗಳ ನಡುವೆ ಕತ್ತರಿಯಂತೆ ಹೊಸೆದು ಬಗ್ಗಿದಳು. ಮಗಳು ಪರದೆಯ ಪಕ್ಕದಲ್ಲಿ ನಿಂತು ನೋಡುತ್ತಿರುವುದು ಕನ್ನಡಿಯಲ್ಲಿ ಕಾಣಿಸುತ್ತಿತ್ತು. ಹಲ್ಲಿನಲ್ಲಿ ದಾರವಿದ್ದರೆ ಮಾತಾಡುವಂತಿಲ್ಲ. ಅದೊಂದು ಅನುಕೂಲ.

"ಇನ್ನೂ ಅದೇ ಓಡಾಟವಾ ಮಗಳದು?" ಮೂಲೆಮನೆಯವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. "ನಮ್ಮನೆಯವರು ಹೇಳ್ತಿದ್ರು, ಮೇಕಪ್ ಮಾಡಿ ಕಳಿಸಿದ್ರಂತೆ ಸೈನ್ಯಕ್ಕೆ. ಗಂಡಿನ ಕಡೆಯೋರು ಎಲ್ಲಮ್ಮಾ ಅಂತ ಅಲ್ಲಿಯೋರು ಕೇಳಿರ್ತಾರೆ ಪಾಪ! ಅಯ್ಯೋ, ಮೆಲ್ಲಗೆ ಕಣ್ರೀ, ಉರಿಯುತ್ತೆ."

ಆಕೆ ಮೆಲ್ಲಗೆ ಮಾಡಲಿಲ್ಲ. ದಾರ ಹುಬ್ಬಿನ ಬುಡದಲ್ಲಿ ಪಟಪಟನೆ ಓಡಿತು. ಕನ್ನಡಿಯಲ್ಲಿ ಮಗಳ ಮುಖ ಕೆಂಪಾಗಿ, ಬಿಳುಪಾಗಿ, ಪರದೆಯ ಹಿಂದೆ ಮಾಯವಾಯಿತು. ಅವಳಿಗೆ ನೋವಾಯಿತು ಎಂದು ಆಕೆಗೆ ಸಂಕಟವಾಯಿತು. ಆ ಸಂಕಟದ ಒಳಗೇ ಎಲ್ಲೋ ಒಂದು ಹಿತವಾದ ತುರಿಕೆಯೂ ಇತ್ತು. ಆಗಲಿ, ಗೊತ್ತಾಗಲಿ, ಎಂದು. ಏನು ಗೊತ್ತಾಗಬೇಕು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಹೊರಗೆ ಸ್ಕೂಟರಿನ ಹಾರನ್ ಎರಡು ಸಲ ಕೂಗಿತು. ಗಂಡನ ಅಣ್ಣ. ಬೀದಿಯಲ್ಲಿ ಎಲ್ಲರೂ ಅವನನ್ನು ಅಟೆನ್ಷನ್ ಎಂದೇ ಕರೆಯುವುದು. ಸೈನ್ಯದಲ್ಲಿ ಅವನು ಉಗ್ರಾಣ ನೋಡಿಕೊಂಡಿದ್ದವನು, ಈರುಳ್ಳಿ ಮೂಟೆಗಳಿಗಷ್ಟೇ ಹುಕುಂ ಕೊಟ್ಟವನು. ನಿವೃತ್ತನಾಗಿ ಬಂದ ಮೇಲೆ ಮಾತ್ರ ಬೆನ್ನು ಬಗ್ಗಿಸಿದ್ದನ್ನು ಯಾರೂ ಕಂಡಿಲ್ಲ. ಮೂಲೆಮನೆಯವಳನ್ನು ಕಳಿಸಿ ಆಕೆ ಸೀರೆ ಉಟ್ಟು ಬರುವಷ್ಟರಲ್ಲಿ ಅವನು ಮಗಳನ್ನು ಅಂಗಳದಲ್ಲಿ ನಿಲ್ಲಿಸಿ ಸುತ್ತು ಹಾಕಿ ನೋಡುತ್ತಿದ್ದ. ಕೊಳ್ಳುವ ಎಮ್ಮೆಯನ್ನು ನೋಡುವ ಹಾಗೆ, ಎನಿಸಿತು ಆಕೆಗೆ.

"ಗಲ್ಲ ಮೇಲೆ. ಭುಜ ಹಿಂದೆ. ಹಾಂ." ಆಮೇಲೆ ಆಕೆಯ ಕಡೆ ತಿರುಗಿ, "ನೋಡಮ್ಮಾ, ಏನು ಹೇಳಬೇಕು ನೆನಪಿದೆಯಾ? ಇನ್ನೊಂದು ಸಲ ಹೇಳು."

"ಗೊತ್ತು ಭಾವ."

"ಗೊತ್ತು ಅಂದ್ರೆ ಆಗಲ್ಲ. ಅಪೀಲಿಗೆ ಇದೇ ಕೊನೇ ಅವಕಾಶ. ಹಚ್ಚೆ ಇದೆ ಅಂತ ಮೊದಲೇ ಹೇಳಿದ್ದಿದ್ರೆ ತೆಗೆಸಿಕೊಂಡು ಬಾ ಅನ್ನೋರು, ಬಿಡೋರು. ಸಣ್ಣದು. ಹಚ್ಚೆಗೆ ಕ್ಷಮೆ ಉಂಟು, ಮುಚ್ಚಿಟ್ಟಿದ್ದಕ್ಕಿಲ್ಲ. ಮೋಸ ಅಂತಾರೆ. ಅದಕ್ಕೇ, ಮುಚ್ಚಿದ್ದು ನಾನು, ಹುಡುಗಿಗೆ ಗೊತ್ತೇ ಇರಲಿಲ್ಲ, ಕೂದಲು ಕಟ್ಟುವಾಗ ಹಚ್ಚಿಬಿಟ್ಟೆ ಅಂತ ಹೇಳು. ತಾಯಿ, ದಡ್ಡಿ, ನಿಯಮ ಗೊತ್ತಿಲ್ಲ. ಅಷ್ಟೇ. ಜಾಸ್ತಿ ಮಾತಾಡಬೇಡ."

"ದಡ್ಡಿ ಅಂತಾನೂ ನಾನೇ ಹೇಳಬೇಕಾ, ಅವರೇ ತಿಳ್ಕೋತಾರಾ?"

ಮಗಳು ಮುಖ ತಿರುಗಿಸಿದಳು. ಅಟೆನ್ಷನ್ ನಗಲಿಲ್ಲ. ಸ್ಕೂಟರಿನಲ್ಲಿ ಮೂವರು ಹೋಗುವಂತಿರಲಿಲ್ಲವಾದ್ದರಿಂದ ಅವನು ಮುಂದೆ ಹೋದ. ತಾಯಿ ಮಗಳು ಬಸ್ಸು ಹಿಡಿದರು.

ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಕೂತಳು, ಹಾಗಾಗಿ ಎಡಗಿವಿ ಆಕೆಯ ಕಡೆಗೇ ಇತ್ತು. ಇವತ್ತು ಇರುವೆಯ ಮೇಲೆ ಏನೂ ಇರಲಿಲ್ಲ. ಹಗಲ ಬೆಳಕಿನಲ್ಲಿ ಅದರ ಕಾಲುಗಳನ್ನು ಎಣಿಸಬಹುದಿತ್ತು. ಹಸಿರು ತಿರುಗಿದ ಕಪ್ಪು ಬಣ್ಣ. ಹಸಿರು ತಿರುಗಿದ್ದನ್ನು ಮುಚ್ಚಬೇಕಾದರೆ ಮೊದಲು ಕಿತ್ತಳೆ ಬಣ್ಣ ಹಾಕಬೇಕು ಎಂದು ಆಕೆಯ ಬೆರಳುಗಳು ತಾವೇ ಯೋಚಿಸಿದವು. ಈ ಕೈಗಳು ಎಂತೆಂಥದನ್ನು ಮುಚ್ಚಿಲ್ಲ. ಸುಟ್ಟ ಕಲೆ, ಬಿಳಿ ಮಚ್ಚೆ, ಒಬ್ಬಳ ಕೆನ್ನೆಯ ಮೇಲೆ ಮೂಡಿದ್ದ ಅವಳಣ್ಣನ ಬೆರಳುಗಳು. ಮದುಮಗಳನ್ನು ಕುರ್ಚಿಯಲ್ಲಿ ಕೂರಿಸಿದರೆ ಆಕೆ ಸುಮ್ಮನೆ ಕೇಳುತ್ತಿದ್ದದ್ದು ಒಂದೇ ಮಾತು, ಏನು ಕಾಣಬಾರದು ಹೇಳಮ್ಮ. ಅವರು ತೋರಿಸುತ್ತಿದ್ದರು. ಮತ್ತೆ ಅದು ಕಾಣುತ್ತಿರಲಿಲ್ಲ. ಬೆವರಲಿ, ಅಳಲಿ, ನೂರು ಜನ ಕೆನ್ನೆ ಮುಟ್ಟಲಿ, ಬೆಳಗಿನವರೆಗೆ ಜಗ್ಗುತ್ತಿರಲಿಲ್ಲ. ಈ ಮನೆಯಲ್ಲಿ ಮುಚ್ಚುವುದೆಂದರೆ ಸುಳ್ಳಲ್ಲ, ಕೆಲಸ. ಅದರಿಂದಲೇ ಅನ್ನ, ಅದರಿಂದಲೇ ಮಗಳ ಫೀಸು. ಹಾಗಾಗಿ ವೈದ್ಯಕೀಯ ತಪಾಸಣೆಗೆ ಮುಂಚೆ ಮಗಳು ಊಟ ಬಿಟ್ಟು ಕೂತಾಗ, ಹೇಳಿಬಿಡ್ಲಾ ಅಮ್ಮಾ, ಇದೆ ಅಂತ ಹೇಳಿಬಿಡ್ಲಾ ಎಂದಾಗ, ಆಕೆಯೇ ಅಂದಿದ್ದು. ಯಾಕೆ ಹೇಳ್ತೀಯ, ನಾನಿಲ್ವಾ? ಬೇರೆ ಮನೆಯಲ್ಲಾದರೆ ಯಾರಿಗೂ ಹೊಳೆಯದ ದಾರಿ ಈ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಹೊಳೆದಿತ್ತು. ಮಗಳು ಎಷ್ಟೋ ದಿನಗಳ ಮೇಲೆ ಆವತ್ತು ಆಕೆಯ ಕತ್ತಿಗೆ ಕೈ ಹಾಕಿ ಮುದ್ದು ಮಾಡಿದ್ದಳು. ನೀನು ಮುಚ್ಚಿದ್ರೆ ದೇವರಿಗೂ ಕಾಣಲ್ಲ ಬಿಡು ಅಂದಿದ್ದಳು.

"ಆ ಆಫೀಸರ್ ಮೇಡಂ ಏನೇ ಕೇಳಿದ್ರೂ ಕೋಪ ಮಾಡ್ಕೋಬೇಡ" ಎಂದಳು ಮಗಳು ಕಿಟಕಿಯಾಚೆ ನೋಡುತ್ತಲೇ.

"ನಾನ್ಯಾಕೆ ಕೋಪ ಮಾಡ್ಕೊಳ್ಳಿ?"

"ನಿಂಗೇ ಗೊತ್ತು."

"ಏನು ಗೊತ್ತು? ಬಿಡಿಸಿ ಹೇಳು."

"ಏನಿಲ್ಲ."

ಈ ಏನಿಲ್ಲ ಎನ್ನುವುದು ಆ ದಿನದಿಂದ ಮನೆಯಲ್ಲಿ ಓಡಾಡುತ್ತಿತ್ತು. ತಿರಸ್ಕೃತಳಾಗಿ ಮನೆಗೆ ಬಂದ ಸಂಜೆ ಮಗಳು ಅತ್ತಿರಲಿಲ್ಲ. ಬಾಗಿಲಲ್ಲೇ ನಿಂತು, ಕಿವಿಯ ಹಿಂದೆ ಬೆರಳಾಡಿಸಿ, ಅಂಟಿದ ಕಿತ್ತಳೆ ಬಣ್ಣವನ್ನು ನೋಡಿ, ಆಮೇಲೆ ತಾಯಿಯ ಮುಖವನ್ನು ನೋಡಿದ್ದಳು. ಏನೋ ಕೇಳಲು ಬಾಯಿ ತೆರೆದವಳು ಏನಾಯ್ತೇ ಎಂದು ಆಕೆ ಕೇಳಿದ್ದಕ್ಕೆ ಏನಿಲ್ಲ ಎಂದು ಒಳಗೆ ಹೋಗಿದ್ದಳು. ವಿಷಯ ಹೇಳಿದ್ದು ಅಟೆನ್ಷನ್. ಡಾಕ್ಟರು ಕಿವಿ ನೋಡಲು ಬಗ್ಗಿಸಿದಾಗ ಬೆರಳಿಗೆ ಬಣ್ಣ ಹತ್ತಿತಂತೆ. ಹತ್ತಿ ತಂದು ಒರೆಸಿದರೆ ಇರುವೆ. ಸಾಲಿನಲ್ಲಿ ನಿಂತಿದ್ದ ಹುಡುಗಿಯರೆದುರಿಗೇ ಆ ಹತ್ತಿಯನ್ನು ಎತ್ತಿ ಹಿಡಿದು, ಇದೇನು ನಾಟಕಕ್ಕೆ ಬಂದಿದ್ದೀಯಾ ಅಂದರಂತೆ. ಹುಡುಗಿಯರು ನಕ್ಕರಂತೆ. ಕೇಳುತ್ತ ಆಕೆ ಅಡುಗೆಕಟ್ಟೆ ಒರೆಸುತ್ತಿದ್ದಳು, ಒರೆಸಿದಲ್ಲೇ ಒರೆಸುತ್ತಿದ್ದಳು. ಮಗಳನ್ನು ನೋಡಿ ನಕ್ಕವರ ಕೂದಲನ್ನು ಬುಡಸಮೇತ ಕೀಳಬೇಕೆಂಬ ರೋಷ ನಿಜವಾಗಿಯೂ ಉಕ್ಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಹಾಗಾದರೆ ಇನ್ನು ಇವಳು ಹೋಗುವುದಿಲ್ಲ ಎಂದು ಮೈಯೆಲ್ಲ ಹಗುರಾದದ್ದೂ ನಿಜವೇ. ಎರಡೂ ಒಂದೇ ಉಸಿರಿನಲ್ಲಿ ಬಂದಿದ್ದವು. ಆ ರಾತ್ರಿ ಆಕೆಗೆ ಎಂದೂ ಇಲ್ಲದ ನಿದ್ದೆ ಬಂತು. ಬೆಳಗ್ಗೆದ್ದು ತನ್ನ ಆ ನಿದ್ದೆಗೇ ಹೇಸಿದಳು.

ತಪಾಸಣೆಯ ದಿನ ಬೆಳಗ್ಗೆ ಮಗಳು ಪಾರ್ಲರಿನ ಕುರ್ಚಿಯಲ್ಲಿ ಕತ್ತು ಬಗ್ಗಿಸಿ ಕೂತಿದ್ದಳು. ಕಿವಿಯ ಹಿಂದೆ ಏನು ನಡೆಯುತ್ತಿದೆ ಎಂದು ಅವಳಿಗೆ ಕನ್ನಡಿಯಲ್ಲೂ ಕಾಣುತ್ತಿರಲಿಲ್ಲ. ಆಕೆ ಕಿತ್ತಳೆ ಬಣ್ಣವನ್ನು ತೆಳ್ಳಗೆ ತಟ್ಟಿದಳು, ಒಣಗಲು ಬಿಟ್ಟಳು, ಮೈಬಣ್ಣವನ್ನು ತಟ್ಟಿದಳು. ಇರುವೆ ಮುಳುಗಿತು. ಅದರ ಜಾಗದಲ್ಲಿ ಮಗುವಾಗಿದ್ದಾಗಿನ ಅದೇ ಕಿವಿ, ಅದೇ ನುಣುಪು, ಸ್ನಾನ ಮಾಡಿಸುವಾಗ ನೀರು ಹೋಗದಂತೆ ಮಡಿಸಿ ಹಿಡಿಯುತ್ತಿದ್ದ ಅದೇ ಕಿವಿ. ಆ ಬೆತ್ತಲೆ ಕಿವಿಯನ್ನು ನೋಡುತ್ತ ಆಕೆಗೆ ಕೈ ಆಡಲಿಲ್ಲ. ಇದನ್ನು ಯಾರೋ ಹಿಡಿದು ಬಗ್ಗಿಸಿ ನೋಡುತ್ತಾರೆ. ಹಲ್ಲು ಎಣಿಸುತ್ತಾರೆ, ಪಾದ ತಿರುಗಿಸುತ್ತಾರೆ, ಬಟ್ಟೆ ಬಿಚ್ಚಿ ನಿಲ್ಲು ಎನ್ನುತ್ತಾರೆ. ಏನೂ ಬರೆಯದ ಚರ್ಮ ಬೇಕಂತೆ ಅವರಿಗೆ. ಆಮೇಲೆ ಅದರ ಮೇಲೆ ಗುಂಡಿನಿಂದಲೋ ತಂತಿಬೇಲಿಯಿಂದಲೋ ಬರೆಯಬೇಕಾದದ್ದನ್ನು ತಾವೇ ಬರೆಯುತ್ತಾರೆ, ಅದಕ್ಕೆ ಪದಕ ಕೊಡುತ್ತಾರೆ. ಇನ್ನು ಉಳಿದದ್ದು ಪೌಡರು. ಪಫ್ ತೆಗೆದುಕೊಂಡು ಪೌಡರನ್ನು ಬಲವಾಗಿ ಒತ್ತಿ ಹಿಡಿಯಬೇಕು, ಒದ್ದೆ ಸ್ಪಂಜಿನಿಂದ ತಟ್ಟಬೇಕು, ಮತ್ತೆ ಒತ್ತಬೇಕು. ಬಣ್ಣ ಚರ್ಮದಿಂದ ಕದಲದಂತೆ ಬೀಗ ಹಾಕುವ ಕೆಲಸ ಅದು. ಹೊಸದಾಗಿ ಕೆಲಸ ಕಲಿಯಲು ಬಂದ ಹುಡುಗಿಯರಿಗೆ ಆಕೆ ಮೊದಲ ದಿನವೇ ಬೈದು ಕಲಿಸುತ್ತಿದ್ದ ಪಾಠ. ಪೌಡರಿನ ಡಬ್ಬಿ ಎಡಗೈಯ ಹತ್ತಿರವೇ ಇತ್ತು. ಆಕೆ ಬಗ್ಗಿ ಕಿವಿಯ ಹಿಂದೆ ಮೆಲ್ಲಗೆ ಊದಿದಳು. ಬಿದ್ದು ಮಂಡಿ ತರಚಿಕೊಂಡು ಬಂದಾಗ ಊದುತ್ತಿದ್ದ ಹಾಗೆ. ಊದಿ, ಮೇಕಪ್ಪಿನ ಪೆಟ್ಟಿಗೆಯನ್ನು ಮುಚ್ಚಿದಳು.

ಅಟೆನ್ಷನ್ ಹಾರನ್ ಮಾಡಿದ, ಗಡಿಬಿಡಿಯಾಯಿತು, ಮರೆತೆ. ಹೀಗೆಂದು ಆಕೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಳು. ಹೇಳಿ ಹೇಳಿ ಅದೀಗ ನೆನಪಿನ ಹಾಗೇ ಆಗಿತ್ತು. ಆದರೆ ಕೆಲವೊಮ್ಮೆ, ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಹೀಗೆ ಕೂತಿರುವಾಗ, ಪೆಟ್ಟಿಗೆಯ ಮುಚ್ಚಳದ ಟಕ್ ಎಂಬ ಸದ್ದು ಮೊದಲು ಕೇಳಿಸುತ್ತಿತ್ತು. ಹಾರನ್ ಆಮೇಲೆ.

ಸೇನಾ ಭರ್ತಿ ಕಚೇರಿಯ ಗೇಟಿನಲ್ಲಿ ಕಾವಲಿನವನು ಚೀಲ ಬಿಚ್ಚಿಸಿದ. ಆಕೆಯ ಚೀಲದಲ್ಲಿದ್ದ ಬಾಚಣಿಗೆ, ಲಿಪ್‌ಸ್ಟಿಕ್, ಕರ್ಚೀಫು, ನೀರಿನ ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಲಿಪ್‌ಸ್ಟಿಕ್ಕಿನ ಮುಚ್ಚಳ ತೆಗೆದು ತಿರುಗಿಸಿ ನೋಡಿದ. ಒಳಗೆ ಉದ್ದನೆಯ ಓಣಿ, ಗೋಡೆಗೆ ಅರ್ಧದವರೆಗೆ ಹಸಿರು ಬಣ್ಣ, ಬೆಂಚು. ಬೆಂಚಿನ ಮೇಲೆ ಇನ್ನಾರೋ ಹುಡುಗರು, ಅವರ ಅಪ್ಪಂದಿರು. ಎಲ್ಲರ ಕೂದಲೂ ಒಂದೇ ಅಳತೆ. ಅಟೆನ್ಷನ್ ಆಗಲೇ ಬಂದು ಗೋಡೆಗೆ ಬೆನ್ನು ತಾಗಿಸದೆ ನಿಂತಿದ್ದ. ಬಾಗಿಲ ಬಳಿಯ ಗುಮಾಸ್ತ ಕೈಯಲ್ಲಿದ್ದ ಕಾಗದ ನೋಡಿ, ಮಗಳನ್ನು ನೋಡಿ, ಆಕೆಯನ್ನು ಮೇಲಿನಿಂದ ಕೆಳಗೆ ನೋಡಿದ.

"ಓಹೋ, ಮೇಕಪ್ ಕೇಸಾ? ತಾಯಿ ನೀವೇನಾ? ಬನ್ನಿ ಬನ್ನಿ. ನಮಗೂ ಸ್ವಲ್ಪ ಕಲಿಸಿ, ಈ ಗೋಡೆ ಬಿರುಕು ಮುಚ್ಚೋಕೆ ಯಾರೂ ಸಿಕ್ತಿಲ್ಲ."

ಬೆಂಚಿನ ಮೇಲಿದ್ದ ಅಪ್ಪಂದಿರಲ್ಲಿ ಒಬ್ಬ ಕೆಮ್ಮಿದಂತೆ ನಕ್ಕ. ಅಟೆನ್ಷನ್ ಕೂಡ ತುಟಿಯ ತುದಿಯಲ್ಲಿ ನಕ್ಕಿದ್ದು ಆಕೆಗೆ ಕಾಣಿಸಿತು. ಮನೆಯ ಸೊಸೆಯ ಮೇಲಿನ ಜೋಕಿಗೆ ಗುಮಾಸ್ತನ ಮರ್ಜಿ ಹಿಡಿಯಲು ನಕ್ಕಿದ್ದ. ಮಗಳು ಮಾತ್ರ ನಗಲಿಲ್ಲ. ಅವಳು ಒಂದು ಹೆಜ್ಜೆ ಮುಂದೆ ಬಂದು ತಾಯಿಗೂ ಗುಮಾಸ್ತನಿಗೂ ನಡುವೆ ನಿಂತಳು. ಬೇಕೆಂದು ನಿಂತಳೋ, ಕರೆ ಬಂದರೆ ಒಳಗೆ ಹೋಗಲು ಸುಲಭವೆಂದು ನಿಂತಳೋ. ಆ ಬಿಳಿ ಅಂಗಿಯ ಬೆನ್ನಿನ ಸುಕ್ಕನ್ನು ನೇವರಿಸಲು ಆಕೆಯ ಕೈ ಮುಂದೆ ಹೋಯಿತು. ಕಾಲಿನಿಂದ ಬಕೆಟ್ಟು ತಳ್ಳಿದವಳೂ ಇವಳೇ ಎಂದು ನೆನಪಿಸಿಕೊಂಡು ಆಕೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಒಳಗಿದ್ದ ಅಧಿಕಾರಿಣಿಗೆ ಐವತ್ತರ ಆಸುಪಾಸು. ಚಂದದ ಹಣೆ, ಎಳೆದು ಕಟ್ಟಿ ಕಟ್ಟಿ ಹಿಂದೆ ಸರಿದ ಕೂದಲು. ಬಲಹುಬ್ಬಿನಲ್ಲಿ ಒಂದು ಕಡೆ ಕೂದಲಿರಲಿಲ್ಲ, ಅಲ್ಲಿ ಪೆನ್ಸಿಲಿನಿಂದ ತೀಡಿದ್ದರು, ಸ್ವಲ್ಪ ದಪ್ಪವಾಯಿತು ಎಂದು ಆಕೆಗೆ ಅನಿಸಿತು. ಅಂಥ ಹೊತ್ತಿನಲ್ಲಿ ಅದೇ ಕಣ್ಣಿಗೆ ಬಿದ್ದದ್ದಕ್ಕೆ ನಾಚಿಕೆಯಾಯಿತು. ಮಗಳು ಸೆಟೆದು ನಿಂತಳು. ಆಕೆಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಪಕ್ಕದ ಮೇಜಿನಲ್ಲಿ ಒಬ್ಬ ಟೈಪು ಮಾಡಲು ಕಾದು ಕೂತಿದ್ದ.

"ತಿರುಗಮ್ಮ" ಎಂದರು ಅಧಿಕಾರಿಣಿ ಮಗಳಿಗೆ. ಮಗಳು ತಿರುಗಿ ಕತ್ತು ಬಗ್ಗಿಸಿದಳು. ಅವರು ಕುರ್ಚಿಯಿಂದೆದ್ದು ಬಂದು ಪೆನ್ನಿನ ತುದಿಯಿಂದ ಕಿವಿಯನ್ನು ಮಡಿಸಿ ನೋಡಿದರು. "ಇಷ್ಟೇನಾ? ಇಷ್ಟಕ್ಕೆ ಇಷ್ಟು ರಾದ್ಧಾಂತವಾ? ಹೇಳಿದ್ದಿದ್ರೆ ಮುಗೀತಿತ್ತು." ಆಮೇಲೆ ಆಕೆಯ ಕಡೆ ನೋಡಿ, "ಮುಚ್ಚಿದ್ದು ಯಾರು?"

"ನಾನು ಮೇಡಂ."

"ಮಗಳು ಕೇಳಿದ್ಲಾ?"

"ಇಲ್ಲ ಮೇಡಂ. ಅವಳಿಗೆ ಗೊತ್ತೇ ಇಲ್ಲ. ಕೂದಲು ಕಟ್ಟೋವಾಗ ನಾನೇ ಹಚ್ಚಿದೆ. ಅವಳು ನೋಡಲಿಲ್ಲ. ನನಗೆ ನಿಯಮ ಗೊತ್ತಿರಲಿಲ್ಲ." ಹೇಳಿಕೊಟ್ಟದ್ದು ಹೇಳಿಕೊಟ್ಟ ಹಾಗೇ ಬಾಯಿಂದ ಬಂತು. ಟೈಪಿನವನ ಬೆರಳುಗಳು ಹಿಂದೆಯೇ ಓಡಿದವು. ತನ್ನ ಸುಳ್ಳು ಅಷ್ಟು ಚೆನ್ನಾಗಿ ಹೊರಬಿತ್ತೆಂದು ಆಕೆಗೆ ಒಂದು ಕ್ಷಣ ಗರ್ವವಾಯಿತು. ಮಗಳ ಭುಜ ಸಡಿಲಾದದ್ದು ಕಾಣಿಸಿತು. ಅಂದರೆ ಇವಳು ಹೋಗುತ್ತಾಳೆ. ತಾನೇ ಬಾಗಿಲು ತೆಗೆದು ಕಳಿಸುತ್ತಿದ್ದೇನೆ.

"ನೋಡಿದ್ರೆ ಪಾರ್ಲರ್ ನಡೆಸ್ತೀರಿ ಅಂತಾರೆ. ಮದುವೆ ಮೇಕಪ್ ಎಲ್ಲ ಮಾಡ್ತೀರಂತೆ. ನಂಗೆ ಅದೇ ಆಶ್ಚರ್ಯ." ಅಧಿಕಾರಿಣಿ ಮತ್ತೆ ಕೂತು, ಕೈಗಳನ್ನು ಹೆಣೆದುಕೊಂಡರು. ದನಿಯಲ್ಲಿ ಬೈಗುಳ ಇರಲಿಲ್ಲ. "ನಮ್ಮ ಡಾಕ್ಟರು ಬೆರಳು ತಾಗಿಸಿದ್ದಕ್ಕೇ ಬಂತಲ್ಲ. ಏನೇನು ಹಚ್ಚಿದ್ರಿ ಹೇಳಿ, ಬರ್ಕೊಳ್ಳಲಿ."

"ಮೊದಲು ಕಿತ್ತಳೆ ಬಣ್ಣ ಮೇಡಂ."

"ಹಾಂ."

"ಆಮೇಲೆ ಮೈಬಣ್ಣ."

"ಆಮೇಲೆ?"

ಟೈಪಿನವನ ಬೆರಳುಗಳು ಗಾಳಿಯಲ್ಲಿ ನಿಂತವು. ಮಗಳು ಇನ್ನೂ ಗೋಡೆಯ ಕಡೆಗೇ ತಿರುಗಿದ್ದಳು, ಕತ್ತು ಬಗ್ಗಿಸಿಕೊಂಡೇ ಇದ್ದಳು. ಹಿಂದೆ ತಿರುಗು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಪೌಡರು ಒತ್ತಿದೆ ಎಂದುಬಿಡಬಹುದಿತ್ತು. ಇಷ್ಟು ಸುಳ್ಳಿನ ಜೊತೆಗೆ ಅದೊಂದು ಹೆಚ್ಚಲ್ಲ. ಆದರೆ ಒತ್ತಿದೆ ಎಂದರೆ, ಒತ್ತಿಯೂ ನಿಲ್ಲಲಿಲ್ಲ ಎಂದಾಗುತ್ತದೆ. ತನ್ನ ಕೈಕೆಲಸ ಒಬ್ಬ ಡಾಕ್ಟರನ ಬೆರಳಿಗೆ ಕಿತ್ತು ಬಂತು ಎಂದು ಕಾಗದದ ಮೇಲೆ ಬೀಳುತ್ತದೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಮದುಮಗಳ ಮುಖದ ಬಣ್ಣ ಜಾರಿಲ್ಲ. ಮಗಳ ಭವಿಷ್ಯ ತೂಗುತ್ತಿರುವಾಗ ತನ್ನ ಕೈಯ ಹೆಸರು ನೆನಪಾಯಿತಲ್ಲ ಎಂದು ಆಕೆಗೆ ತನ್ನ ಮೇಲೇ ಅಸಹ್ಯವಾಯಿತು. ಬಾಯಿ ತೆರೆದಳು.

"ಅಷ್ಟೇ ಮೇಡಂ" ಎಂದಳು.

"ಅಷ್ಟೇನಾ?"

"ಅಷ್ಟೇ."

ಬೆರಳುಗಳು ಮತ್ತೆ ಓಡಿದವು. ಮಗಳ ಕತ್ತು ಮಾತ್ರ ನಿಧಾನವಾಗಿ ನೆಟ್ಟಗಾಯಿತು. ಪಾರ್ಲರಿನಲ್ಲಿ ಬೇಸಗೆ ರಜೆಗಳನ್ನೆಲ್ಲ ತಾಯಿಗೆ ಬ್ರಷ್ಷು ಎತ್ತಿಕೊಡುತ್ತಲೇ ಕಳೆದವಳು ಅವಳು. ಮೈಬಣ್ಣ ಆದ ಮೇಲೆ ಕೇಳುವ ಮುಂಚೆಯೇ ಪಫ್ಫನ್ನು ಆಕೆಯ ಕೈಗಿಡುತ್ತಿದ್ದವಳು. ಅಧಿಕಾರಿಣಿ ಕಾಗದಕ್ಕೆ ಸಹಿ ಹಾಕಿಸಿಕೊಂಡು, "ಹೊರಗೆ ಕೂತಿರಿ. ತಾಯಿ ಮಾಡಿದ್ದಕ್ಕೆ ಮಗಳಿಗೆ ಶಿಕ್ಷೆ ಬೇಡ ಅಂತ ನನಗನಿಸುತ್ತೆ. ಇನ್ನೊಬ್ಬರನ್ನ ಕೇಳಿ ಈಗಲೇ ಹೇಳ್ತೀನಿ" ಎಂದರು. ಕೊನೆಗೆ ಮಗಳಿಗೆ, ಸ್ವಲ್ಪ ನಕ್ಕು, "ಇನ್ಮುಂದೆ ನಿನ್ನ ಮೈ ಬಗ್ಗೆ ನೀನೇ ಜವಾಬ್ದಾರಿ ತಗೋ. ಅಮ್ಮನ ಕೈಗೆ ಕೊಡಬೇಡ" ಎಂದರು.

ಓಣಿಯಲ್ಲಿ ಅಟೆನ್ಷನ್ ಇಬ್ಬರ ಮುಖವನ್ನೂ ನೋಡಿ, ಕೆಲಸ ಆಯಿತು ಎಂದು ತನಗೆ ತಾನೇ ತಿಳಿದುಕೊಂಡು, ಎರಡೂ ಕೈ ಉಜ್ಜಿದ. "ನಾನು ಹೇಳಿರಲಿಲ್ವಾ? ಜಾಸ್ತಿ ಮಾತಾಡಬೇಡ ಅಂತ. ನೋಡಿದ್ಯಾ." ಟೀ ತರುತ್ತೇನೆಂದು ಓಣಿಯ ತುದಿಗೆ ಹೋದ. ಅಧಿಕಾರಿಣಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವರು ಫೋನಿನಲ್ಲಿ ಯಾರಿಗೋ ವಿಷಯ ಹೇಳುತ್ತಿದ್ದರು, ಹುಡುಗಿಗೆ ಗೊತ್ತಿರಲಿಲ್ಲವಂತೆ, ತಾಯಿಯದೇ ಕಿತಾಪತಿ, ಹೌದು, ಓಟದಲ್ಲಿ ಮೊದಲು ಬಂದವಳು. ಗುಮಾಸ್ತ ಬಾಗಿಲಿಗೆ ಒರಗಿ ಕಡ್ಡಿಯಿಂದ ಹಲ್ಲು ಕೆದಕಿಕೊಳ್ಳುತ್ತಿದ್ದ. ತಾಯಿ ಮಗಳು ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಕೂತರು, ಮಧ್ಯದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು.

ಆಕೆ ಕಾದಳು. ಮಗಳು ಕೇಳುತ್ತಾಳೆ ಎಂದು ಗೊತ್ತಿತ್ತು. ಯಾವುದನ್ನು ಕೇಳುತ್ತಾಳೆಂದೂ ಗೊತ್ತಿತ್ತು, ಅದಕ್ಕೆ ಉತ್ತರಗಳನ್ನೂ ಜೋಡಿಸಿಟ್ಟುಕೊಂಡಿದ್ದಳು. ಬೇಕಂತಲೇ ಮಾಡಿದೆಯಾ ಎಂದರೆ, ಹುಚ್ಚೀ, ಯಾವ ತಾಯಿ ಹಾಗೆ ಮಾಡ್ತಾಳೆ ಎನ್ನುವುದು. ಮರೆತೆಯಾ ಎಂದರೆ, ಹೂಂ ಮರೆತೆ, ನಿನ್ನ ದೊಡ್ಡಪ್ಪನ ಹಾರನ್ನಿಗೆ ಎನ್ನುವುದು. ಜಗಳಕ್ಕೆ ಬಂದರೆ ತಾನೂ ಜಗಳಕ್ಕೆ ನಿಲ್ಲುವುದು, ಅಂಗಡಿಯವನ ಸೂಜಿಗೆ ಕೊಡುವಾಗ ಕೇಳಿದ್ದೆಯಾ ನನ್ನ, ಬಂದೂಕಿಗೆ ಕೊಡುವಾಗ ಕೇಳಿದ್ದೆಯಾ ಎನ್ನುವುದು. ಎಲ್ಲಕ್ಕೂ ತಯಾರಾಗಿ ಆಕೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಅಮ್ಮಾ" ಎಂದಳು ಮಗಳು.

"ಮೆಲ್ಲಗೆ. ಬಾಗಿಲು ತೆಗೆದಿದೆ. ಮನೆಗೆ ಹೋಗಿ ಮಾತಾಡೋಣ."

ಮಗಳು ಬಾಗಿಲನ್ನು ನೋಡಿದಳು. ಗುಮಾಸ್ತನನ್ನು ನೋಡಿದಳು. ಒಂದು ಮಾತು ಆಚೆ ಬಿದ್ದರೆ ಏನಾಗುತ್ತದೆಂದು ಅವಳಿಗೆ ತಿಳಿಯದ್ದೇನಲ್ಲ. ಗೊತ್ತೇ ಇರಲಿಲ್ಲ ಎಂದು ಬರೆಸಿದ ಕಾಗದದ ಮೇಲೆ ಮಸಿ ಇನ್ನೂ ಆರಿರಲಿಲ್ಲ. ಅವಳ ಕೈ ಕಿವಿಯ ಹಿಂದಕ್ಕೆ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಎದ್ದು ತಾಯಿಯ ಎದುರು ಬಂದು ನಿಂತಳು, ಬೂಟುಗಳು ಜೋಡಿಯಾಗಿ, ಭುಜ ಹಿಂದೆ, ಗಲ್ಲ ಮೇಲೆ. ದನಿ ಏರಿದ್ದು ಸಿಟ್ಟಿನಿಂದಲ್ಲ. ಓಣಿಯ ಆ ತುದಿಯಲ್ಲಿ ಟೀ ಲೋಟ ಹಿಡಿದವನಿಗೂ, ಬೆಂಚಿನ ಮೇಲಿದ್ದ ಅಪ್ಪಂದಿರಿಗೂ, ಒಳಗೆ ಫೋನಿನಲ್ಲಿ ಮಾತು ನಿಲ್ಲಿಸಿದ ಅಧಿಕಾರಿಣಿಗೂ ಕೇಳುವಂತೆ, ಒಂದೊಂದೇ ಮಾತನ್ನು ಬಿಡಿಸಿ ಕೇಳಿದಳು.

"ಆವತ್ತು ಪಫ್ ತಾಗಲಿಲ್ಲ ಅಮ್ಮಾ, ನೀನು ಊದಿದೆ. ನಾನು ಬೇರೆಯವರ ಮಗಳಾಗಿದ್ದರೆ ಪೌಡರು ಒತ್ತುತ್ತಿದ್ದೆಯಾ?"